ಪಶ್ಚಿಮಕ್ಕೆ ಬಂಡಿ ದಾರಿ

೮ ಅಕ್ಟೋಬರ್ ೨೦೦೭, ಸೋಮವಾರ
ಹೂವಿನಹಡಗಲಿ

ಊಟಕ್ಕೆ ಕೂತಾಗಲೆಲ್ಲ ಕಂಪ್ಯೂಟರಿನ ಸುದ್ದಿ ತೆಗೆಯುತ್ತೀರಿ, ರೊಟ್ಟಿ ಆರಿ ಹೋಗುತ್ತದೆ ಎಂದು ಕೊಟ್ರಬಸಮ್ಮ ಇವತ್ತು ಮುಖ ಗಂಟು ಹಾಕಿಕೊಂಡಳು. “ಹೇಳೂದಿದ್ರ ಅದಕ್ಕ ಹೇಳ್ರಿ, ನನಗ್ಯಾಕ ಹೇಳ್ತೀರಿ” ಎಂದಳು. ಮದುವೆಯಾಗಿ ಮೂವತ್ತು ವರ್ಷವಾಯಿತು, ಹೆಂಡತಿಯ ಮಾತನ್ನು ಒಂದಾದರೂ ಚಾಚೂ ತಪ್ಪದೆ ಪಾಲಿಸೋಣ ಅನ್ನಿಸಿತು. ಇನ್ನು ಮೇಲೆ ಹೇಳುವುದನ್ನೆಲ್ಲ ಇದಕ್ಕೇ ಹೇಳಿ, ಇದರಲ್ಲೇ ಬರೆದಿಡುತ್ತೇನೆ.

ನಾನು ಪತ್ರ ಬರಹಗಾರ. ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಇಪ್ಪತ್ತಾರು ವರ್ಷದಿಂದ ಹೊಲ ಮನೆಗಳ ಖರೀದಿ ಪತ್ರ ಬರೆಯುತ್ತಿದ್ದೇನೆ. ಮೊದಲು ಕೈಬರಹ, ಆಮೇಲೆ ಟೈಪ್ ಮಿಷನ್ನು, ಮೂರು ವರ್ಷದಿಂದ ಮನೆಯ ಪಡಸಾಲೆಯಲ್ಲಿಟ್ಟ ಈ ಕಂಪ್ಯೂಟರು. ಆಫೀಸು ಕೂಗಳತೆ ದೂರ. ಆವರಣದ ಬೇವಿನ ಮರದ ಕೆಳಗೆ ಮಾತು ಮುಗಿಸಿ, ಮನೆಗೆ ಬಂದು ಟೈಪ್ ಮಾಡಿ, ಹಾಳೆ ತೆಗೆದುಕೊಂಡು ಹೋಗುತ್ತೇನೆ.

ಮೊದಲು ಇದರಲ್ಲಿ ಎಲ್ಲರ ಹತ್ತಿರ ಇರುವ ವ್ಯವಸ್ಥೆಯೇ ಇತ್ತು, ಯಾರದೋ ಸಿ.ಡಿ.ಯಿಂದ ಕದ್ದು ಹಾಕಿಸಿದ್ದು. ಯಾರಾದರೂ ಪೆನ್‌ಡ್ರೈವ್ ತಂದು ಚುಚ್ಚಿದರೆ ಸಾಕು, ವೈರಸ್ಸು ಬಂದು ಪತ್ರಗಳು ಮಾಯ. ಶ್ರಾವಣದಲ್ಲಿ ಮೂರನೆಯ ಸಲ ಹಾಗಾದಾಗ ಟೆಲಿಫೋನ್ ಆಫೀಸಿನ ಕ್ರಾಂತಿಕುಮಾರ್ ಒಂದು ಸಿ.ಡಿ. ತಂದ. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ. ಕೇಳಿದವರಿಗೆ ಪರದೇಶದಿಂದ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಾರಂತೆ. ಪುಕ್ಕಟೆ ಯಾಕೆ ಎಂದು ಕೇಳಿದೆ.

“ಒಳಗ ಏನೈತಿ ಅಂತ ಯಾರು ಬೇಕಾದ್ರೂ ತಗದು ನೋಡಬಹುದು ಸರ್. ತಪ್ಪಿದ್ರ ತಿದ್ದಬಹುದು. ತಿದ್ದಿದ್ದನ್ನ ಮತ್ತೊಬ್ಬರಿಗೂ ಕೊಡಬಹುದು” ಎಂದ.

ಗಡಿಯಾರ, ರೇಡಿಯೋ, ಟಾರ್ಚು, ಏನು ಕೈಗೆ ಸಿಕ್ಕರೂ ಬಿಚ್ಚಿ ನೋಡುವ ಚಟ ನನಗೆ ಹುಟ್ಟಿನಿಂದ. ಬಿಚ್ಚಿ ನೋಡಿ ಎಂದು ಕೈಗೇ ಕೊಟ್ಟರೆ ಬಿಡುತ್ತೇನೆಯೇ? ಒಂದು ತಿಂಗಳಾಯಿತು. ವೈರಸ್ಸಿಲ್ಲ, ಕಾಟವಿಲ್ಲ. ಅದು ಏನೇನು ಮಾಡಿತೋ ಎಲ್ಲವನ್ನೂ ತಾನೇ ಸಾಲು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಚಹಾ ಕುಡಿಯುತ್ತ ಅದನ್ನು ಓದುತ್ತೇನೆ, ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ, ಎರಡೂ ಖುಷಿ. ಇದರಲ್ಲಿ ಬರುವ ಕನ್ನಡ ಅಕ್ಷರದ ಹೆಸರು ಮಲ್ಲಿಗೆ! ಮಲ್ಲಿಗೆ ಬೆಳೆಯುವ ಹಡಗಲಿಯಲ್ಲಿ ಕೂತು ಮಲ್ಲಿಗೆಯಲ್ಲಿ ಪತ್ರ ಬರೆಯುತ್ತಿದ್ದೇನೆ.

ಕೊರತೆ ಒಂದೇ. ಮಾನಿಟರ್ ಹಳೆಯದಾಗಿ ಪರದೆ ಮಂಕು ಹೊಡೆದಿದೆ. ಅಕ್ಷರವನ್ನು ಹದಿನಾಲ್ಕಕ್ಕೆ ಏರಿಸಿದ್ದೇನೆ.

೧೭ ಅಕ್ಟೋಬರ್, ಬುಧವಾರ

ಬಾಣ ಕಳೆದುಹೋಗುತ್ತದೆ. ಮೌಸ್ ಅಲ್ಲಾಡಿಸಿದಾಗ ಪರದೆಯ ಮೇಲೆ ಓಡಾಡುತ್ತದಲ್ಲ, ಆ ಬಾಣ. ಎಡಗಡೆಗೆ ಹೋಯಿತೆಂದರೆ ಮುಗಿಯಿತು, ಹುಡುಕಿ ಹುಡುಕಿ ಸಾಕಾಗುತ್ತದೆ. ಕ್ರಾಂತಿಕುಮಾರನಿಗೆ ಹೇಳಿದೆ. ಅವನು ಒಂದು ಕಪ್ಪು ಕಿಟಕಿ ತೆರೆದು ಐದು ಇಂಗ್ಲಿಷ್ ಅಕ್ಷರ ಒತ್ತಿದ. ಪರದೆಯ ಮೇಲೆ ಎರಡು ದುಂಡನೆಯ ಕಣ್ಣು ಬಂದು ಕೂತವು! ಬಾಣ ಎತ್ತ ಹೋದರೆ ಅತ್ತ ಗುಡ್ಡೆ ಹೊರಳಿಸಿ ನೋಡುತ್ತವೆ. ಅದನ್ನು ಬಿಟ್ಟರೆ ಆ ತಂತ್ರಾಂಶಕ್ಕೆ ಬೇರೆ ಕೆಲಸವೇ ಇಲ್ಲ. ಇಂಥದ್ದನ್ನು ಬರೆದ ಮನುಷ್ಯ ಯಾರಿರಬಹುದು, ಏನು ಉಂಡು ಬರೆದಿರಬಹುದು ಎಂದು ಸಂಜೆಯವರೆಗೂ ಯೋಚಿಸಿದೆ.

ಕೊಟ್ರಬಸಮ್ಮ ಬಾಗಿಲಲ್ಲಿ ನಿಂತು ನೋಡಿ ನಕ್ಕಳು. “ನಾನೊಮ್ಮಿ ಅಲ್ಲಾಡಿಸ್ಲೇನ್ರಿ?” ಎಂದಳು. ಮುಟ್ಟಬೇಡ, ಪತ್ರ ಗಿತ್ರ ಹಾಳಾದಾವು ಎಂದೆ. ಹತ್ತನೇ ಕ್ಲಾಸು ಪಾಸಾದವಳು, ನಿಜ. ಆದರೆ ಇದೆಲ್ಲ ಅವಳಿಗೆ ತಿಳಿಯುವಂಥದ್ದಲ್ಲ.

ಈಗ ಬಾಣ ಕಾಣದಿದ್ದಾಗ ಆ ಕಣ್ಣು ಎತ್ತ ನೋಡುತ್ತಿದೆ ನೋಡಿ, ಅತ್ತ ಹೋಗುತ್ತೇನೆ.

೨೯ ಅಕ್ಟೋಬರ್, ಸೋಮವಾರ

ಇವತ್ತು ಪಕ್ಕೀರಮ್ಮನ ಪತ್ರ. ಪಕ್ಕೀರಮ್ಮ ಕ್ರಾಂತಿಕುಮಾರನ ಚಿಗವ್ವ, ಎಂದರೆ ಚಿಕ್ಕಮ್ಮ, ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದು ನಿವೃತ್ತಳಾದವಳು. ಬಂದ ದುಡ್ಡಲ್ಲಿ ಮಾಗಳದ ಹತ್ತಿರ ಎರಡು ಎಕರೆ ಮೂವತ್ತು ಸೆಂಟ್ಸ್ ಕೊಂಡಿದ್ದಾಳೆ. ಅವರ ಮನೆತನದಲ್ಲಿ ಯಾರ ಹೆಸರಿಗೂ ಒಂದು ಅಡಿ ಹೊಲ ಇರಲಿಲ್ಲವಂತೆ. ಮಾರಿದವನು ಚಿಗಟೇರಿಯ ಕರಿಸಿದ್ದಪ್ಪ.

ಪತ್ರವನ್ನು ಯಾವ ಬರಹಗಾರನೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನ ಗಿರಾಕಿಯ ಪತ್ರ ತೆರೆದು, ಹೆಸರು, ಸರ್ವೆ ನಂಬರು, ಚೆಕ್ಕುಬಂದಿ ಬದಲಾಯಿಸಿಕೊಳ್ಳುವುದೇ ನಮ್ಮ ರೂಢಿ. ಚೆಕ್ಕುಬಂದಿ ಎಂದರೆ ಹೊಲದ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬುದು. ಪತ್ರದ ಜೀವ ಅಲ್ಲಿದೆ. ನಾನು ಅದನ್ನು ಎರಡು ಅಂಕಣ ಮಾಡಿ ಚೆಂದವಾಗಿ ಕೂಡಿಸುತ್ತೇನೆ, ಪೂರ್ವ ಪಶ್ಚಿಮ ಎಡಕ್ಕೆ, ಉತ್ತರ ದಕ್ಷಿಣ ಬಲಕ್ಕೆ. ಜಂಬಣ್ಣನ ಪತ್ರದಲ್ಲಿ ಈ ಅಂದ ಎಲ್ಲಿ ಬರಬೇಕು? ಜಂಬಣ್ಣ ಬೇವಿನ ಮರದ ಕೆಳಗೆ ನನ್ನ ಪಕ್ಕದ ಮೇಜಿನವನು, ಹಳೆಯ ವ್ಯವಸ್ಥೆಯವನು.

ಸಹಿಗೆ ಮೊದಲು ರೂಢಿಯಂತೆ ಎಲ್ಲರ ಮುಂದೆ ಓದಿ ಹೇಳಿದೆ. ಓದುವುದೇನು, ಒಪ್ಪಿಸಿದೆ. ಮಾತಾಡಿದ್ದೆಲ್ಲ ನನಗೆ ಬಾಯಿಪಾಠ, ಹಾಳೆ ನೋಡುವ ಅಗತ್ಯವೇ ಬೀಳುವುದಿಲ್ಲ. “ಪೂರ್ವಕ್ಕೆ ಶಿವಪ್ಪನ ಹೊಲ, ಪಶ್ಚಿಮಕ್ಕೆ ಬಂಡಿ ದಾರಿ” ಎಂದು ನಾನು ಹೇಳುತ್ತಿದ್ದರೆ ಪಕ್ಕೀರಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು.

“ಅಯ್ಯಾರ, ಇನ್ನೊಮ್ಮಿ ಹೇಳ್ರಿ” ಎಂದಳು. ಇನ್ನೊಮ್ಮೆ ಹೇಳಿದೆ.

ಅಕ್ಷರ ಹದಿನೆಂಟು ಮಾಡಿಕೊಂಡೆ. ಮೋಡ ಇತ್ತು, ಪಡಸಾಲೆಯಲ್ಲಿ ಬೆಳಕು ಸಾಲದು.

೧೫ ನವೆಂಬರ್, ಗುರುವಾರ

ಚಹಾದ ಲೋಟ ಒದ್ದು ಚೆಲ್ಲಿದೆ. ಸ್ಟೂಲನ್ನು ಎಡಕ್ಕೆ ಯಾರು ತಂದಿಟ್ಟರು ಎಂದು ಕೂಗಾಡಿದೆ. ಕೊಟ್ರಬಸಮ್ಮ ಬಟ್ಟೆ ತಂದು ನೆಲ ಒರೆಸುತ್ತ, “ಸ್ಟೂಲ್ ಆರು ವರ್ಷದಿಂದ ಅಲ್ಲೇ ಐತ್ರಿ” ಎಂದಳು. ದೀಪಾವಳಿಯಲ್ಲಿ ಸಾಲುದೀಪ ತುಳಿದದ್ದನ್ನೂ, ಬಸ್‌ಸ್ಟ್ಯಾಂಡಿನಲ್ಲಿ ಬೀಗರು ಕೈ ಮುಗಿದರೆ ನೋಡದೆ ಹೋದದ್ದನ್ನೂ ಸೇರಿಸಿ ಹೇಳಿದಳು. “ಕಣ್ಣು ತೋರಿಸ್ರಿ. ಅಲ್ಲಿ ಇಲ್ಲಿ ಬ್ಯಾಡ, ದಾವಣಗೆರಿಗೆ ಹೋಗೂಣು.”

ನನ್ನ ಕಣ್ಣಿಗೇನಾಗಿದೆ? ದೂರದ ಬಸ್ಸಿನ ಬೋರ್ಡು ಓದುತ್ತೇನೆ. ಮಾರ್ಚಿನಲ್ಲಿ ಪರವಾನಗಿ ನವೀಕರಣವಾಗಬೇಕು. ಪತ್ರ ಬರೆಯುವವನ ಕಣ್ಣು ಸರಿ ಇಲ್ಲವೆಂದು ಬೇವಿನ ಮರದ ಕೆಳಗೆ ಒಂದು ಮಾತು ಬಿದ್ದರೆ ಆ ಮೇಜಿಗೆ ಯಾರು ಬಂದಾರು? ನನಗೆ ಬೇರೆ ಕಸುಬು ಗೊತ್ತಿಲ್ಲ. ಐವತ್ತನಾಲ್ಕಕ್ಕೆ ಹೊಸದು ಕಲಿಯುವುದೂ ಆಗಲಿಕ್ಕಿಲ್ಲ. ಅವಳಿಗೆ ಇದೆಲ್ಲ ಬಿಡಿಸಿ ಹೇಳಲು ಮನಸ್ಸಾಗಲಿಲ್ಲ, ಬೈದೆ.

ಪರದೆಯ ಹಿನ್ನೆಲೆ ಕಪ್ಪು, ಅಕ್ಷರ ಹಳದಿ ಮಾಡಿದೆ. ಮನಸ್ಸಿಗೆ ಬಂದಂತೆ ಬದಲಾಯಿಸಿಕೊಳ್ಳಬಹುದು, ಅದೇ ಇದರ ದೊಡ್ಡಸ್ತಿಕೆ. ಅಕ್ಷರ ಇಪ್ಪತ್ತನಾಲ್ಕು. ಒಂದು ವಿಚಿತ್ರ ನೋಡಿದೆ. ಅಕ್ಷರ ದೊಡ್ಡದು ಮಾಡಿದಷ್ಟೂ ಓದುವುದು ಕಷ್ಟವಾಗುತ್ತಿದೆ, ಸಾಲಿನ ಮೊದಲೇ ಸಿಗುವುದಿಲ್ಲ. ಹೀಗೇಕೆ? ಕ್ರಾಂತಿಕುಮಾರನನ್ನು ಕೇಳಬೇಕು.

೩ ಡಿಸೆಂಬರ್, ಸೋಮವಾರ

ಪಕ್ಕೀರಮ್ಮ ಬಂದಿದ್ದಳು. ಕೂರು ಎಂದರೂ ಕೂರಲಿಲ್ಲ.

ಪಶ್ಚಿಮಕ್ಕಿದ್ದ ಬಂಡಿ ದಾರಿಯನ್ನು ಪಕ್ಕದ ಹೊಲದ ಹುಲುಗಣ್ಣ ರಂಟೆ ಹೊಡೆದು ಉತ್ತು ತನ್ನ ಹೊಲಕ್ಕೆ ಸೇರಿಸಿಕೊಂಡಿದ್ದಾನೆ. ಅವಳ ಹೊಲಕ್ಕೆ ಇರುವುದು ಅದೊಂದೇ ದಾರಿ. ಕೇಳಿದ್ದಕ್ಕೆ ಅವನು ಅವಳ ಪತ್ರದ ನಕಲು ತೆಗೆಸಿ ತಂದು ತೋರಿಸಿದನಂತೆ. ಪತ್ರದಲ್ಲಿ ‘ಪಶ್ಚಿಮಕ್ಕೆ: ಹಳ್ಳ’ ಎಂದಿದೆ.

“ನಿನ್ನ ಪತ್ರದಾಗ ಹಳ್ಳ ಐತಿ, ಹಳ್ಳದಾಗ ಬಂಡಿ ಹೊಡಕೊಂಡು ಹೋಗು ಅಂತಾನ್ರಿ. ಎರಡು ಮೈಲಿ ಸುತ್ತ ಹಳ್ಳ ಎಲ್ಲೈತ್ರಿ ಅಲ್ಲಿ? ನೀವು ದಾರಿ ಅಂತ ಓದಿದ್ರಿ. ಎರಡು ಸಲ ಓದಿಸೀನಿ.”

ಹಾಳೆ ಇಸಿದುಕೊಂಡು ನೋಡಿದೆ. ಹಾಳೆಯನ್ನು ಬಲಕ್ಕೆ ಸರಿಸಿದ ಮೇಲೆ ಕಾಣಿಸಿತು. ಹಳ್ಳ.

ಬಾಯಿಗೆ ಮೊದಲು ಬಂದದ್ದನ್ನು ಹೇಳಿಬಿಟ್ಟೆ. ಕಂಪ್ಯೂಟರ್ ತಪ್ಪು ಮಾಡಿದೆ, ಅದು ಸಾಲು ತಿಂದಿದೆ, ಹೊಸ ವ್ಯವಸ್ಥೆ, ಕನ್ನಡ ಪೂರ್ತಿ ಕೂಡಿಲ್ಲ ಎಂದೆ.

“ಅಂದ್ರ ನಮ್ಮ ಕ್ರಾಂತಿ ಹಾಕಿಕೊಟ್ಟದ್ದು?” ಎಂದಳು.

ಹೌದು ಎಂದೆ.

೪ ಡಿಸೆಂಬರ್, ಮಂಗಳವಾರ

ಕ್ರಾಂತಿಕುಮಾರ್ ಬಂದ. ಚಿಗವ್ವನ ಪತ್ರ ತೆರೆದ. ಅದಕ್ಕಿಂತ ಹಿಂದೆ ನಾನು ಬರೆದಿದ್ದ ಯಾರದೋ ಪತ್ರವನ್ನೂ ಪಕ್ಕದಲ್ಲಿ ತೆರೆದ. ಆ ಹಳೆಯ ಪತ್ರದಲ್ಲೂ ಎಡ ಅಂಕಣದಲ್ಲಿ ಪಶ್ಚಿಮಕ್ಕೆ ಹಳ್ಳ, ಪೂರ್ವವನ್ನು ಮಾತ್ರ ಬದಲಾಯಿಸಿದ್ದೆ.

“ಮಿಷನ್ ತಿಂದಿದ್ರ ಇಲ್ಲಿ ಖಾಲಿ ಇರಬೇಕಿತ್ತು ಸರ್. ಹಳೇದು ಹಂಗ ಐತಿ” ಎಂದ.

ಎದ್ದು ಹೊರಟ. ಚಹಾ ಕುಡಿಯಲಿಲ್ಲ.

೬ ಡಿಸೆಂಬರ್, ಗುರುವಾರ

ಸುದ್ದಿ ಬೇವಿನ ಮರದ ಕೆಳಗೆಲ್ಲ ಹಬ್ಬಿದೆ, ನಾನು ಹೇಳಿದ ರೀತಿಯಲ್ಲೇ ಹಬ್ಬಿದೆ. ಪುಕ್ಕಟೆ ಬಂದದ್ದು ಪುಕ್ಕಟೆ ಕೆಲಸವನ್ನೇ ಮಾಡುತ್ತದೆ ಎಂದು ನಗುತ್ತಿದ್ದಾರೆ. ಜಂಬಣ್ಣ ಸ್ವಂತ ಸಿ.ಡಿ. ಹಿಡಿದುಕೊಂಡು ಬಂದ. “ಅರ್ಧ ತಾಸಿನಾಗ ಅದನ್ನ ಒರೆಸಿ ಇದನ್ನ ಹಾಕಿಕೊಡ್ತೀನಿ ಅಯ್ಯಾರ. ಎಲ್ಲಾ ಮರತು ಹೋಗತೈತಿ” ಎಂದ. ಒಳ್ಳೆಯ ಮನುಷ್ಯ, ಕಷ್ಟ ನೋಡಲಾಗದೆ ಬಂದಿದ್ದ.

ಒಪ್ಪಿಬಿಟ್ಟರೆ ಸುಲಭ. ಲಿನಕ್ಸ್ ತಪ್ಪು, ತೆಗೆದು ಹಾಕಿದೆ, ಈಗ ಎಲ್ಲ ಸರಿ ಎಂದು ಊರಿಗೆಲ್ಲ ಹೇಳಬಹುದು. ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಆದರೆ ಎಲ್ಲಿ ಕೆಟ್ಟಿದೆ ಎಂದು ಕಾಣುವ ಮೊದಲೇ ಒರೆಸಿ ಹಾಕುವುದೇ? ಅದನ್ನು ಯೋಚಿಸಿದರೆ ಕೈ ಕಡಿಯುತ್ತದೆ. ರೇಡಿಯೋದಲ್ಲಿ ಕರ್ಕರ್ ಸದ್ದು ಬಂದರೆ ನಾನು ಯಾವತ್ತೂ ರೇಡಿಯೋ ಎಸೆದವನಲ್ಲ. ಒಂದೊಂದೇ ಭಾಗ ಬದಲಾಯಿಸಿ ನೋಡಿದವನು.

ಭಾನುವಾರ ಬಾ, ಬರುವಾಗ ನಿನ್ನ ಮಾನಿಟರ್ ತಾ ಎಂದು ಜಂಬಣ್ಣನಿಗೆ ಹೇಳಿ ಕಳಿಸಿದೆ.

೯ ಡಿಸೆಂಬರ್, ಭಾನುವಾರ

ಜಂಬಣ್ಣನ ಹೊಸ ಮಾನಿಟರ್ ಹಾಕಿದೆ. ಪರದೆ ಫಳಫಳ ಹೊಳೆಯಿತು. ಬಾಣ ಎಡಕ್ಕೆ ಹೋಯಿತು, ಕಳೆದುಹೋಯಿತು.

ಮೌಸ್ ಬದಲಾಯಿಸಿದೆ. ಕಳೆದುಹೋಯಿತು. ಅವನ ಮನೆಗೇ ಹೋಗಿ ಅವನ ಕಂಪ್ಯೂಟರಿನ ಮುಂದೆ ಕೂತೆ. ಬೇರೆ ವ್ಯವಸ್ಥೆ, ಬೇರೆ ಕರೆಂಟು, ಕಿಟಕಿಯಿಂದ ಒಳ್ಳೆಯ ಬೆಳಕು. ಅಲ್ಲೂ ಕಳೆದುಹೋಯಿತು. ಜಂಬಣ್ಣ ಪರದೆಯ ಮೇಲೆ ಬೆರಳಿಟ್ಟು, “ಇಲ್ಲೇ ಐತಲ್ರಿ” ಎಂದ.

ಮನೆಗೆ ಬಂದು ಏನೇನು ಬದಲಾಯಿಸಿದೆ ಎಂದು ಪಟ್ಟಿ ಬರೆದೆ. ಎಲ್ಲ ಜಾಗದಲ್ಲೂ ಬದಲಾಗದೆ ಇದ್ದದ್ದು ಒಂದೇ.

೧೨ ಡಿಸೆಂಬರ್, ಬುಧವಾರ

ಕೊಟ್ರಬಸಮ್ಮನನ್ನು ಕರೆದು ಮೌಸ್ ಅವಳ ಕೈಗೆ ಕೊಟ್ಟೆ. ಪರದೆಯ ನಡುವೆ ಅವಳ ಹಣೆಯ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಪರದೆಯ ಮೇಲೆ ಸೀರೆ ಡಬ್ಬಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ನಾನು ಗೇಣು ದೂರದಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಬೊಟ್ಟನ್ನೇ ನೋಡಬೇಕು. ಅವಳು ಅಂಚಿನಿಂದ ಬಾಣವನ್ನು ಮೆಲ್ಲಗೆ ಒಳಗೆ ತರಬೇಕು. ಕಂಡ ಕೂಡಲೇ ನಾನು ‘ಬಂತು’ ಎನ್ನಬೇಕು, ಅವಳು ಅಲ್ಲಿ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡಬೇಕು.

ಮೊದಲು ಅವಳನ್ನೇ ಕೂರಿಸಿ, ನಾನು ಮೌಸ್ ಹಿಡಿದು ನೋಡಿದೆ. ಯಾವ ಕಡೆಯಿಂದ ತಂದರೂ ಅಂಚಿನಲ್ಲೇ ‘ಬಂತು’. ಚುಕ್ಕೆಗಳನ್ನು ಕೂಡಿಸಿದರೆ ಪರದೆಯಷ್ಟೇ ಅಗಲದ ನಕ್ಷೆ.

ಆಮೇಲೆ ನಾನು ಕೂತೆ. ಬಲಗಡೆಯಿಂದ ಚೆನ್ನಾಗಿ ಬಂತು. ಎಡಗಡೆಯ ಸರದಿ. ಕಾಯುತ್ತಲೇ ಇದ್ದೆ. ಶುರು ಮಾಡು ಎಂದೆ.

“ಆಗಲೇ ಬೊಟ್ಟಿನ ಹತ್ರ ಬಂದೈತ್ರಿ” ಎಂದಳು.

ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಅವಳು ನಕ್ಕಳು. ಇನ್ನೊಂದು ಕಣ್ಣಿಗೂ ಹಾಗೆಯೇ ಆಯಿತು, ಆಗ ನಗು ನಿಲ್ಲಿಸಿದಳು. ಮೂರು ಸಲ ಮಾಡಿದೆವು, ಮೂರು ಸಲವೂ ಚುಕ್ಕೆ ಹೆಚ್ಚುಕಡಿಮೆ ಅದದೇ ಜಾಗಕ್ಕೆ ಬಿತ್ತು. ಎರಡು ಪ್ಲಾಸ್ಟಿಕ್ ಹಾಳೆಗಳನ್ನೂ ಕಿಟಕಿಗೆ ಹಿಡಿದು ಒಂದರ ಮೇಲೊಂದು ಇಟ್ಟು ನೋಡಿದೆ. ಅವಳ ನಕ್ಷೆಯ ಪೂರ್ತಿ ಎಡಭಾಗ ನನ್ನದರಲ್ಲಿ ಇಲ್ಲ. ಪಕ್ಕೀರಮ್ಮನ ಪತ್ರದ ಹಳ್ಳ ಉಳಿದದ್ದೂ ಆ ಎಡಭಾಗದಲ್ಲೇ. ಎಷ್ಟು ದಿನದಿಂದ ಇಲ್ಲವೋ ಗೊತ್ತಿಲ್ಲ.

“ಮಿಷನ್ನಿನಾಗ ಏನಾದ್ರೂ ಆದ್ರ ಬಿಚ್ಚಿ ಬಿಚ್ಚಿ ನೋಡ್ತೀರಿ. ಇದನ್ನ ಮಾತ್ರ ಮುಚ್ಚಿಟಗೊಂಡು ಕುಂತ್ರಿ” ಎಂದು ಅತ್ತಳು.

ನನಗೆ ಬಹಳ ಹೆದರಿಕೆಯಾಗಿದೆ. ಅದನ್ನು ಅವಳಿಗೆ ಹೇಳಿದೆ ಕೂಡ.

೧೩ ಡಿಸೆಂಬರ್

ಇವತ್ತು ಕಂಪ್ಯೂಟರ್ ಹಚ್ಚುವುದು ಬೇಡ ಎಂದುಕೊಂಡಿದ್ದೆ. ಹಚ್ಚಿದೆ. ಅಕ್ಷರವನ್ನು ಹನ್ನೆರಡಕ್ಕೆ ಇಳಿಸಿದೆ, ಸಾಲು ಸಿಗುತ್ತಿದೆ.

೧೮ ಡಿಸೆಂಬರ್, ಮಂಗಳವಾರ

ದಾವಣಗೆರೆಗೆ ಹೋಗಿ ಬಂದೆವು. ಕಣ್ಣಿನ ಡಾಕ್ಟರರು ಒಬ್ಬ ಹೆಣ್ಣುಮಗಳು. ಸೀರೆ ಡಬ್ಬಿಯ ಹಾಳೆಗಳನ್ನು ತೋರಿಸಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಎರಡನ್ನೂ ದೀಪಕ್ಕೆ ಹಿಡಿದು, “ಯಾರು ತೆಗೆದರು ಇದನ್ನ?” ಎಂದರು. ಹೆಂಡತಿ ಎಂದೆ. ಆಮೇಲೆ ಅವರ ದೊಡ್ಡ ಯಂತ್ರದಲ್ಲೂ ಪರೀಕ್ಷೆ ಮಾಡಿದರು. ಬಟ್ಟಲಿನಂಥದ್ದರೊಳಗೆ ಮುಖ ಇಡಬೇಕು, ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ನಮ್ಮದೇ ಆಟ, ಸ್ವಲ್ಪ ಚೊಕ್ಕ! ಆ ಯಂತ್ರದೊಳಗೆ ಯಾವ ವ್ಯವಸ್ಥೆ ಇದೆ ಎಂದು ಕೇಳಬೇಕೆಂದಿದ್ದೆ, ಕೊಟ್ರಬಸಮ್ಮ ಅಂಗಿ ಜಗ್ಗಿದಳು.

ಗ್ಲೊಕೋಮಾ ಅಂತೆ, ಎರಡೂ ಕಣ್ಣಿಗೆ ಒಂದೇ ಕಡೆ ಹೀಗಾಗುವುದು ಅಪರೂಪವಂತೆ. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆಯುತ್ತದೆ. ನೋವಿಲ್ಲ, ಕೆಂಪಿಲ್ಲ, ನಡುವಿನ ದೃಷ್ಟಿ ಕೊನೆಯವರೆಗೂ ಚೆನ್ನಾಗಿರುತ್ತದೆ, ಅದಕ್ಕೇ ಬಸ್ಸಿನ ಬೋರ್ಡು ಕಾಣುತ್ತಿತ್ತು. ಹೋದದ್ದು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬಹುದು, ದಿನಾ ಎರಡು ಹೊತ್ತು ಹನಿ ಬಿಡಬೇಕು, ಸಾಯುವತನಕ. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ ಎಂದರು.

ಕಾಣದ ಜಾಗ ಕಪ್ಪಗೆ ಯಾಕೆ ಕಾಣುವುದಿಲ್ಲ ಎಂದು ಕೇಳಿದೆ. ತಲೆಯೇ ಅಕ್ಕಪಕ್ಕದ್ದನ್ನು ನೋಡಿ ಅಲ್ಲಿ ಏನಿರಬೇಕೆಂದು ಊಹಿಸಿ ತುಂಬಿಕೊಳ್ಳುತ್ತದಂತೆ. ಅಂದರೆ ನನ್ನ ತಲೆಯೂ ಹಳೆಯ ಪತ್ರದ ಮೇಲೇ ಹೊಸದನ್ನು ಬರೆಯುತ್ತಿತ್ತು. ಬಸ್ಸಿನಲ್ಲಿ ಹರಪನಹಳ್ಳಿ ದಾಟುವವರೆಗೆ ಇದನ್ನೇ ಯೋಚಿಸಿದೆ. ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ಇಂಥದ್ದು ಹೊಳೆಯುತ್ತದೆ, ಏನು ಮಾಡಲಿ.

೨೬ ಡಿಸೆಂಬರ್, ಬುಧವಾರ

ಪಕ್ಕೀರಮ್ಮನ ದಾರಿ ವಾಪಸು ಬರಬೇಕಾದರೆ ತಿದ್ದುಪಡಿ ಪತ್ರ ನೋಂದಣಿ ಆಗಬೇಕು. ಅದಕ್ಕೆ ಮಾರಿದವನ ಸಹಿ ಬೇಕು. ನಾನು, ಪಕ್ಕೀರಮ್ಮ, ಕ್ರಾಂತಿಕುಮಾರ್ ಮೂವರೂ ಚಿಗಟೇರಿಗೆ ಹೋದೆವು. ಬಸ್ಸಿನಲ್ಲಿ ಕ್ರಾಂತಿಕುಮಾರ್ ನನ್ನ ಪಕ್ಕ ಕೂರಲಿಲ್ಲ.

ಕರಿಸಿದ್ದಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಕರೆಯಲಿಲ್ಲ.

“ದಾರಿ ಐತೆ ಅಂತ ಹೇಳಿ, ಹಳ್ಳ ಬರೆಸಿ ಹೆಣ್ಣುಮಗಳಿಗೆ ಮೋಸ ಮಾಡ್ಯಾನೆ ಅಂತ ನನ್ನ ಹೆಸರು ಮಾಗಳದ ತುಂಬ ಹಬ್ಬೈತೆ. ಹೊಲ ಮಾರಿದ್ದಕ್ಕೆ ಈ ಮಾತು ಕೇಳಬೇಕಾ ನಾನು? ನಿಮ್ಮ ಮಿಷನ್ ಗಿಷನ್ ನನಗೆ ಗೊತ್ತಿಲ್ಲ. ತಪ್ಪು ಯಾರದು ಅಂತ ನಿಮ್ಮ ಆಫೀಸಿನ ಮುಂದೆ ನಾಲ್ಕು ಮಂದಿ ಕೇಳೋ ಹಾಗೆ ಹೇಳ್ರಿ. ಆಮ್ಯಾಲೆ ಸಹಿ ಮಾಡ್ತೀನಿ.”

ಪಕ್ಕೀರಮ್ಮ ನನ್ನ ಮುಖ ನೋಡಿದಳು. ಆಗಲಿ ಎಂದೆ. ಎಂದದ್ದೇನೋ ಎಂದೆ. ಈಗ ಇಪ್ಪತ್ತಾರು ವರ್ಷ ಕೂತ ಜಾಗದಲ್ಲೇ ನಿಂತು, ನನಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಬೇಕು.

೭ ಜನವರಿ ೨೦೦೮, ಸೋಮವಾರ

ಹೇಳಿದೆ.

ಸೋಮವಾರ, ಮರದ ಕೆಳಗೆ ಮೂವತ್ತು ನಲವತ್ತು ಜನ ಇದ್ದರು. ಕರಿಸಿದ್ದಪ್ಪ ಟವೆಲ್ ಹೊದ್ದು ಎದುರಿಗೇ ನಿಂತಿದ್ದ. ಕುರ್ಚಿಯಿಂದ ಎದ್ದು ನಿಂತು ಹೇಳಿದೆ. ಮಾಗಳದ ಪತ್ರದ ತಪ್ಪು ಕರಿಸಿದ್ದಪ್ಪನದಲ್ಲ, ಕಂಪ್ಯೂಟರಿನದಲ್ಲ, ಅದನ್ನು ಹಾಕಿಕೊಟ್ಟ ಕ್ರಾಂತಿಕುಮಾರನದೂ ಅಲ್ಲ. ನನಗೆ ಎಡಗಡೆ ಕಾಣುವುದಿಲ್ಲ. ಕಾಣುವುದಿಲ್ಲ ಎಂಬುದೂ ನನಗೆ ಗೊತ್ತಿರಲಿಲ್ಲ, ಪರದೆಗೆ ಸೀರೆ ಡಬ್ಬಿಯ ಹಾಳೆ ಕಟ್ಟಿ ಪರೀಕ್ಷೆ ಮಾಡಿದ ಮೇಲೆ ತಿಳಿಯಿತು. ಗೊತ್ತಾಗುವ ಹಾಗೆ ಹೆಂಡತಿ ಹೇಳಿದಾಗ ಕೇಳಲಿಲ್ಲ. ಓದಿ ಹೇಳುತ್ತೇನೆಂದು ಹಾಳೆ ನೋಡದೆ ಬಾಯಿಪಾಠ ಒಪ್ಪಿಸಿದೆ, ಸಿಕ್ಕಿಬಿದ್ದಾಗ ಸುಳ್ಳು ಹೇಳಿದೆ.

ಜಂಬಣ್ಣ ಕನ್ನಡಕ ತೆಗೆದು ಒರೆಸಿಕೊಂಡ. “ಅಯ್ಯಾರ, ಆ ಸೀರಿ ಡಬ್ಬಿ ಹಾಳಿ ಪರೀಕ್ಷೆ ನನಗೂ ಒಮ್ಮಿ ಮಾಡಸ್ರಿ” ಎಂದ.

ಕರಿಸಿದ್ದಪ್ಪ ಸಹಿ ಮಾಡಿದ. ಮಧ್ಯಾಹ್ನ ಎರಡಕ್ಕೆ ತಿದ್ದುಪಡಿ ಪತ್ರ ನೋಂದಣಿ ಆಯಿತು. ಅದನ್ನು ಟೈಪ್ ಮಾಡಿದ್ದು ನಾನೇ, ಹೊಸ ಖಾಲಿ ಹಾಳೆ ತೆರೆದು, ಮೊದಲ ಅಕ್ಷರದಿಂದ. ಓದಿ ಹೇಳಿದ್ದು ಕೊಟ್ರಬಸಮ್ಮ.

ನಾಳೆಗೆಂದು ಮಾತಾಡಿದ್ದ ಇಬ್ಬರು ಗಿರಾಕಿಗಳು ಸಂಜೆಗೆ ಬೇರೆ ಮೇಜಿಗೆ ಹೋದರು. ಹೋಗಲಿ ಎಂದು ಬರೆದರೆ ಸುಳ್ಳಾಗುತ್ತದೆ. ಬೇಜಾರಾಯಿತು.

೨೦ ಜನವರಿ, ಭಾನುವಾರ

ಬೆಳಿಗ್ಗೆಯಿಂದ ಪಡಸಾಲೆಯಲ್ಲಿ ಜನ. ಜಂಬಣ್ಣ, ಅವನ ಅಣ್ಣ, ಮಲ್ಲಿಗೆ ಕಟ್ಟುವ ಹಂಪಕ್ಕ, ಪೋಸ್ಟಿನವರು. ಕೊಟ್ರಬಸಮ್ಮನೇ ಎಲ್ಲರನ್ನೂ ಕೂರಿಸಿ, ಬೊಟ್ಟು ಅಂಟಿಸಿ, ಬಾಣ ಓಡಿಸುತ್ತಾಳೆ. ಮೌಸ್ ಹಿಡಿಯುವುದರಲ್ಲಿ ನನಗಿಂತ ಕೈ ಹಗುರ. ಇದು ಡಾಕ್ಟರ ಪರೀಕ್ಷೆಯಲ್ಲ, ಅನುಮಾನ ಬಂದರೆ ಹೋಗಿ ತೋರಿಸಿಕೊಳ್ಳಿ ಎಂದು ಪ್ರತಿಯೊಬ್ಬರಿಗೂ ಗದರಿಸಿ ಹೇಳುತ್ತಾಳೆ. ಹಂಪಕ್ಕನ ಬಲಗಡೆ ಒಂದು ತುಂಡು ಇಲ್ಲ. ಮಂಗಳವಾರ ದಾವಣಗೆರೆಗೆ ಹೋಗುತ್ತಾಳೆ.

ಮಧ್ಯಾಹ್ನ ಕ್ರಾಂತಿಕುಮಾರ್ ಬಂದ. ಅವನು ಬಂದದ್ದು ಹೊಸ ಸಿ.ಡಿ. ಕೊಡಲಿಕ್ಕೆ, ಉಬುಂಟುವಿನ ಮುಂದಿನ ಆವೃತ್ತಿಯದು. ಬೇಕಾದರೆ ಹಾಕಿಕೊಡುತ್ತೇನೆ ಎಂದ. ಅವನ ಕೈ ಹಿಡಿದುಕೊಂಡು ತಪ್ಪಾಯಿತು ಎಂದೆ. “ಮರದ ಕೆಳಗ ಹೇಳೀರಲ್ಲ ಸರ್” ಎಂದ. ಈ ಸಲ ಚಹಾ ಕುಡಿದ. ಸಕ್ಕರೆ ಕಡಿಮೆಯಾಯಿತೆಂದು ಕೇಳಿ ಹಾಕಿಸಿಕೊಂಡ.

ಹೊಸದು ಸದ್ಯಕ್ಕೆ ಬೇಡ ಎಂದೆ. ಇದೇ ನನಗೆ ಸಾಕು. ಸಾಕು ಎಂದರೆ ಸಹಿಸಿಕೊಂಡಿದ್ದೇನೆ ಎಂದಲ್ಲ, ತೃಪ್ತಿಯಿದೆ. ಇದು ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ನಾನು ಅದರ ಮೇಲೆ ತಪ್ಪು ಹೊರಿಸಿದ ದಿನವೂ ಆ ಹಳೆಯ ಪತ್ರವನ್ನು ಹಾಗೆಯೇ ಇಟ್ಟುಕೊಂಡು, ಕೇಳಿದವನಿಗೆ ತೋರಿಸಿತು. ಅಷ್ಟು ನೇರವಾಗಿರುವುದನ್ನು ನಾನೇ ಇನ್ನೂ ಕಲಿಯಬೇಕಿದೆ. ಈಗ ಪ್ರತಿ ಪತ್ರವನ್ನೂ ಖಾಲಿ ಹಾಳೆಯಿಂದ ಬರೆಯುತ್ತೇನೆ. ಚೆಕ್ಕುಬಂದಿ ಎರಡು ಅಂಕಣ ಬಿಟ್ಟೆ, ನಾಲ್ಕೂ ದಿಕ್ಕು ಒಂದರ ಕೆಳಗೊಂದು, ಹಾಳೆಯ ನಡುವೆ. ಅಂದ ಹೋಯಿತು. ಕೊಟ್ರಬಸಮ್ಮ ಪರದೆ ನೋಡಿ ಜೋರಾಗಿ ಓದುತ್ತಾಳೆ, ಗಿರಾಕಿ ಹೌದು ಎಂದ ಮೇಲೆ ಮುಂದಿನ ಸಾಲು. ತಿಂಗಳಿಗೆ ಇಪ್ಪತ್ತು ಪತ್ರ ಆಗುತ್ತಿದ್ದದ್ದು ಈ ತಿಂಗಳು ಏಳೆಂಟಾದರೆ ಹೆಚ್ಚು.

ಆ ಎರಡು ಕಣ್ಣುಗಳ ತಂತ್ರಾಂಶವನ್ನು ಅವಳು ತೆಗೆದುಹಾಕಿದ್ದಾಳೆ. ಅಡ್ಡ ಬರುತ್ತಿತ್ತಂತೆ.

೧೦ ಫೆಬ್ರವರಿ, ಭಾನುವಾರ

ಪಕ್ಕೀರಮ್ಮ ಮಾಗಳಕ್ಕೆ ಕರೆದುಕೊಂಡು ಹೋದಳು. ಬರಲೇಬೇಕು ಎಂದಳು.

ಎಷ್ಟು ಹೊಲಗಳ ನಾಲ್ಕು ದಿಕ್ಕು ಬರೆದಿದ್ದೇನೋ ನನಗೇ ತಿಳಿಯದು. ಅವುಗಳಲ್ಲಿ ಒಂದರಲ್ಲೂ ಕಾಲಿಟ್ಟವನಲ್ಲ. ಪತ್ರದಲ್ಲಿ ಅದು ಒಂದೂವರೆ ಸಾಲು. ಇಲ್ಲಿ ನಡೆದರೆ ಬೆವರು ಬಂತು. ಪೂರ್ವಕ್ಕೆ ಶಿವಪ್ಪನ ಹೊಲದಲ್ಲಿ ಕಡಲೆ, ಉತ್ತರಕ್ಕೆ ಕಲ್ಲಿನ ಬದು, ಅದರ ಮೇಲೆ ಕಳ್ಳಿ. ದಕ್ಷಿಣದಿಂದ ಹೊಳೆಯ ಗಾಳಿ ಬೀಸುತ್ತದೆ, ಅದು ಯಾವ ಪತ್ರದಲ್ಲೂ ಇಲ್ಲ. ಮೂರು ಕಡೆ ಮುಟ್ಟಿ ಮುಟ್ಟಿ ನೋಡಿದೆ. ಮಣ್ಣಿನ ಬಣ್ಣ ಯಾಕೆ ಅಲ್ಲಲ್ಲಿ ಬೇರೆ, ಈ ಕಳ್ಳಿಯನ್ನು ಯಾರು ಹಚ್ಚಿದ್ದು ಎಂದೆಲ್ಲ ಕೇಳಿದೆ. ಆಕೆಗೂ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ.

ದಕ್ಷಿಣದ ತುದಿಗೆ ಬಂದು ಉತ್ತರಕ್ಕೆ ತಿರುಗಿದೆವು. ಪಕ್ಕೀರಮ್ಮ ನನ್ನ ಎಡಕ್ಕೆ ನಡೆಯುತ್ತಿದ್ದಳು, ದನಿ ಮಾತ್ರ ಕೇಳಿಸುತ್ತಿತ್ತು.

“ಇಲ್ಲೇ ನೋಡ್ರಿ ಅಯ್ಯಾರ, ಬಂಡಿ ದಾರಿ. ಹುಲುಗಣ್ಣ ತಾನೇ ಬಂದು ಬಿಟ್ಟುಕೊಟ್ಟಾನ. ನಿನ್ನೆ ಗೊಬ್ಬರದ ಬಂಡಿ ತರಿಸಿದೆ.”

ಎಲ್ಲಿ, ಬರೀ ಕಡಲೆ ಹೊಲ ಇದ್ದ ಹಾಗಿದೆ, ನನಗೆ ಆ ಕಡೆ ಕಾಣುವುದಿಲ್ಲವಲ್ಲ ಪಕ್ಕೀರಮ್ಮ ಎಂದೆ. ಹಾಗೆ ಹೇಳುವುದು ಈಗ ಅಷ್ಟು ಕಷ್ಟವಲ್ಲ.

“ಕಾಣೂದಿಲ್ಲಂದ್ರ ತಿರುಗಿ ನೋಡ್ರಿ. ಕುತ್ತಿಗಿ ಐತಲ್ಲ” ಎಂದಳು.

ಕುತ್ತಿಗೆ ತಿರುಗಿಸಿದೆ. ದಾರಿ ಇತ್ತು.